ನಮ್ಮ ಸಣ್ಣ ಸಂಘಗಳಿಗೆ ಒಕ್ಕೂಟ ಬೇಕಾ? ಬೇಕಿದ್ದರೆ ಯಾವ ಕೆಲಸಕ್ಕೆ?

ಪುಸ್ತಕದ ಕಪಾಟು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಮಂಜೇಶ್ವರ ತಾಲೂಕಿನ ಒಳಗಿನ ಒಂದು ಊರು. ಇಲ್ಲಿ ಒಂದು ವಾಚನಾಲಯ ಇದೆ. ಎರಡು ಕೋಣೆ, ಒಂದು ಜಗಲಿ, ಮೂರು ಸಾವಿರದಷ್ಟು ಪುಸ್ತಕ. ಆದಿತ್ಯವಾರ ಮಧ್ಯಾಹ್ನ ಅದೇ ಜಗಲಿಯಲ್ಲಿ ಹದಿನೆಂಟು ಮಕ್ಕಳು ಯಕ್ಷಗಾನದ ಹೆಜ್ಜೆ ಕಲಿಯುತ್ತಾರೆ. ಅದರಲ್ಲಿ ಆರು ಮಕ್ಕಳ ಮನೆಮಾತು ಮಲಯಾಳ. ಉಳಿದವರದ್ದು ತುಳು, ಕನ್ನಡ, ಮರಾಠಿ, ಕೊಂಕಣಿ. ಹೆಜ್ಜೆ ಕಲಿಯಲು ಬಂದ ಮಕ್ಕಳು ಪ್ರಸಂಗದ ಪದ್ಯ ಓದಲು ಕನ್ನಡ ಅಕ್ಷರ ಕಲಿಯುತ್ತಾರೆ. ಅದನ್ನು ನೋಡಿದಾಗ ಆಗುವ ಖುಷಿ ಹೇಳಿ ಮುಗಿಯುವುದಿಲ್ಲ.

ನಾನು ಕಾರ್ಯದರ್ಶಿಯಾಗಿ ಇದು ಎರಡನೇ ವರ್ಷ. ಕಳೆದ ವರ್ಷ ಮಕ್ಕಳ ತರಬೇತಿಗೆ ಅಂತ ಒಂದು ಇಲಾಖೆಯ ಅನುದಾನಕ್ಕೆ ಅರ್ಜಿ ಹಾಕಿದೆವು. ಈಗಿನ ಆಡಳಿತ ಸಮಿತಿಯ ಪಟ್ಟಿಗೆ ರಿಜಿಸ್ಟ್ರಾರ್ ಕಚೇರಿಯ ಮೊಹರು ಬೇಕು ಅಂದರು. ಹುಡುಕಿದರೆ, 2019ರ ನಂತರ ನಾವು ಪಟ್ಟಿಯನ್ನೇ ಕೊಟ್ಟಿಲ್ಲ. ಹಿಂದಿನ ಕಾರ್ಯದರ್ಶಿ ಕೆಲಸಕ್ಕೆ ಪರದೇಶಕ್ಕೆ ಹೋದರು. ಕಡತ ಎಲ್ಲ ಅವರ ಮನೆಯ ಟ್ರಂಕಿನಲ್ಲಿ ಉಳಿಯಿತು. ಅರ್ಜಿ ಬಿದ್ದುಹೋಯಿತು. ಅದೇ ಹೊತ್ತಿಗೆ ಬ್ಯಾಂಕಿನಲ್ಲೂ ತೊಂದರೆ. ಖಾತೆಯಲ್ಲಿ ಸಹಿ ಇದ್ದದ್ದು ತೀರಿಕೊಂಡ ಅಧ್ಯಕ್ಷರದ್ದು. ಇದ್ದ 38,000 ರೂಪಾಯಿಯಲ್ಲಿ ಐದು ತಿಂಗಳು ಒಂದು ರೂಪಾಯಿಯನ್ನೂ ತೆಗೆಯಲು ಆಗಲಿಲ್ಲ. ಭಾಗವತರಿಗೆ ಕೊಡುವ ಗೌರವಧನ ನಾವು ನಾಲ್ಕು ಜನ ಕೈಯಿಂದ ಹಾಕಿದೆವು. ಇಲ್ಲಿ ಯಾರೂ ಕದ್ದಿಲ್ಲ, ಯಾರೂ ಮೋಸ ಮಾಡಿಲ್ಲ. ಕಾಗದ ನೋಡಿಕೊಳ್ಳುವವರು ಇರಲಿಲ್ಲ, ಅಷ್ಟೆ.

ಈಗ ಸುತ್ತಿನ ನಾಲ್ಕು ಪಂಚಾಯತ್‌ಗಳ ಹದಿನಾಲ್ಕು ಸಂಘಗಳು ಸೇರಿ ಒಂದು ಒಕ್ಕೂಟ ಮಾಡುವ ಅಂತ ಮಾತು ಎದ್ದಿದೆ. ವಾಚನಾಲಯ, ಯಕ್ಷಗಾನ ಸಂಘ, ಮಹಿಳಾ ಸಂಘ, ಅಂಗವಿಕಲ ಮಕ್ಕಳ ಹೆತ್ತವರ ಗುಂಪು, ಎಲ್ಲ ಇವೆ. ವರ್ಷಕ್ಕೆ ಸಾವಿರ ರೂಪಾಯಿ ಸದಸ್ಯತ್ವ. ನಮ್ಮ ಸಮಿತಿಯಲ್ಲಿ ಅರ್ಧ ಜನ ಬೇಕು ಅಂತಾರೆ, ಅರ್ಧ ಜನ ಬೇಡ ಅಂತಾರೆ. ಒಕ್ಕೂಟದಲ್ಲಿ ಇದ್ದು ನೋಡಿದವರು ಹೇಳಿ. ನಿಜಕ್ಕೂ ಏನು ಸಿಕ್ಕಿತು?

ಚೆಂಡೆ ಮದ್ದಳೆ:

ಕಪಾಟು ಅಣ್ಣ, ನಾನು ಬೇಡ ಅನ್ನುವ ಅರ್ಧದವನು. ಕಾರಣ ಹೇಳುತ್ತೇನೆ.

ಹತ್ತು ವರ್ಷದ ಹಿಂದೆ ನಮ್ಮ ಯಕ್ಷಗಾನ ಸಂಘ ಒಂದು ಒಕ್ಕೂಟ ಸೇರಿತ್ತು. ಮೊದಲ ವರ್ಷ ಚೆನ್ನಾಗಿ ನಡೆಯಿತು. ಎರಡನೇ ವರ್ಷ ಒಕ್ಕೂಟವೇ ಮೂರು ದಿನದ ಉತ್ಸವ ಮಾಡುವ ಅಂತ ತೀರ್ಮಾನ ಆಯಿತು. ಪೆಂಡಾಲು ಕಟ್ಟಿದ್ದು ನಮ್ಮ ಹುಡುಗರು. ಊಟ ಬಡಿಸಿದ್ದು ನಮ್ಮ ಮನೆಯ ಹೆಂಗಸರು. ನಮ್ಮ ಪೇಟೆಯ ಅಂಗಡಿಯವರು ಪ್ರತಿ ವರ್ಷ ನಮಗೆ ಕೊಡುತ್ತಿದ್ದ ದೇಣಿಗೆ ಆ ವರ್ಷ ಒಕ್ಕೂಟದ ರಸೀದಿಗೆ ಹೋಯಿತು. ಅಂಗಡಿಯವರನ್ನು ದೂರುವ ಹಾಗಿಲ್ಲ. ಒಂದೇ ಊರಿನವರು ಎರಡು ಸಲ ಬಂದು ಕೇಳಿದರೆ ಎಷ್ಟು ಕೊಡುತ್ತಾರೆ? ಆ ವರ್ಷ ನಮ್ಮ ವಾರ್ಷಿಕ ಯಕ್ಷಗಾನದ ಆಟ ನಿಂತಿತು. ಮೂವತ್ತೊಂದು ವರ್ಷ ನಿಲ್ಲದೆ ನಡೆದು ಬಂದದ್ದು.

ಮೂರನೇ ವರ್ಷ ಒಕ್ಕೂಟದ ಸಭೆಯೇ ಆಗಲಿಲ್ಲ. ನನಗೆ ಈಗಲೂ ಬೇಸರ ಇದೆ. ಅದಕ್ಕೆ ಕೇಳುತ್ತೇನೆ: ಬ್ಯಾನರಿನಲ್ಲಿ ಹೆಸರು ಯಾರದ್ದು ಬರುತ್ತದೆ?

ನಿವೃತ್ತ ಮಾಷ್ಟ್ರು:

ಚೆಂಡೆ ಮದ್ದಳೆಯವರ ನೋವು ನನಗೆ ಅರ್ಥ ಆಗುತ್ತದೆ. ಆ ಕತೆ ಒಂದು ಊರಿನದ್ದಲ್ಲ. ಆದರೂ ಒಕ್ಕೂಟ ಅಂದ ಕೂಡಲೇ ಉತ್ಸವ ಅಂತ ಯಾಕೆ ತಿಳಿಯಬೇಕು? ನಮ್ಮ ಕಣ್ಣೆದುರಿಗೇ ಬೇರೆ ರೀತಿಯವು ಇವೆ.

ಕಪಾಟು ಅವರದ್ದು ವಾಚನಾಲಯ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. 1945ರಲ್ಲಿ ಪಿ.ಎನ್. ಪಣಿಕ್ಕರ್ ತಿರುವಾಂಕೂರಿನಲ್ಲಿ ಗ್ರಂಥಶಾಲಾ ಸಂಘ ಕಟ್ಟಿದಾಗ ಅದರಲ್ಲಿ ಇದ್ದದ್ದು 47 ಹಳ್ಳಿ ವಾಚನಾಲಯಗಳು. ಒಂದೊಂದೂ ಕಪಾಟು ಅವರದ್ದರಂತೆಯೇ ಒಂದೆರಡು ಕೋಣೆಯವು. ಕೇರಳ ಆದ ಮೇಲೆ ಅದು ರಾಜ್ಯಕ್ಕೆಲ್ಲ ಹಬ್ಬಿತು. 1989ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು, ಲೈಬ್ರರಿ ಕೌನ್ಸಿಲ್ ಆಯಿತು. ಇವತ್ತು ಕಾಸರಗೋಡಿನ ಮೂಲೆಯ ಒಂದು ಕನ್ನಡ ವಾಚನಾಲಯಕ್ಕೂ ಗ್ರೇಡ್ ಪ್ರಕಾರ ಪುಸ್ತಕದ ಅನುದಾನ ಸಿಗುವುದು ಆ 47 ಸಂಘಗಳು ಒಂದಾಗಿದ್ದರಿಂದ. ಪಣಿಕ್ಕರರು ತೀರಿಕೊಂಡ ಜೂನ್ 19ನ್ನು ಈಗಲೂ ವಾಚನಾ ದಿನ ಅಂತ ಶಾಲೆಗಳಲ್ಲಿ ಆಚರಿಸುತ್ತೇವೆ. ಆದರೆ ಊರಿನ ವಾಚನಾಲಯದ ಬೋರ್ಡಿನಲ್ಲಿ ಊರಿನ ಹೆಸರೇ ಇದೆ. ಬೀಗದ ಕೈ ಊರಿನವರ ಹತ್ತಿರವೇ ಇದೆ.

ಇನ್ನೊಂದು ಕುಟುಂಬಶ್ರೀ, ಕೇರಳ ಸರ್ಕಾರದ ಮಹಿಳಾ ಸ್ವಸಹಾಯ ಯೋಜನೆ. 1998ರಲ್ಲಿ ಶುರುವಾದದ್ದು. ಹತ್ತಿಪ್ಪತ್ತು ಹೆಂಗಸರ ಅಯಲ್‌ಕೂಟ, ಅವೆಲ್ಲ ಸೇರಿ ವಾರ್ಡಿಗೆ ಒಂದು ಒಕ್ಕೂಟ ಎ.ಡಿ.ಎಸ್., ಪಂಚಾಯತ್‌ಗೆ ಒಂದು ಸಿ.ಡಿ.ಎಸ್. ಮೇಲಿನವರು ಲೆಕ್ಕ ನೋಡುತ್ತಾರೆ, ತರಬೇತಿ ಕೊಡುತ್ತಾರೆ, ಬ್ಯಾಂಕಿನ ಹತ್ತಿರ ಮಾತಾಡುತ್ತಾರೆ. ವಾರದ ಉಳಿತಾಯ ಮಾತ್ರ ಕೆಳಗಿನ ಅಯಲ್‌ಕೂಟದಲ್ಲಿ, ಯಾರದ್ದೋ ಮನೆಯ ಚಾವಡಿಯಲ್ಲಿ ನಡೆಯುತ್ತದೆ. ನನ್ನ ಹೆಂಡತಿ ಹದಿನೈದು ವರ್ಷದಿಂದ ಅದರಲ್ಲಿದ್ದಾಳೆ. ಲೆಕ್ಕ ಪುಸ್ತಕ ಬರೆಯುವುದರಲ್ಲಿ ಅವಳು ನನಗಿಂತ ಚುರುಕು.

ಅಡಿಕೆಯ ಮಾತು ಬಾರದೆ ನಮ್ಮ ಕಡೆಯ ಯಾವ ಚರ್ಚೆಯೂ ಮುಗಿಯುವುದಿಲ್ಲ, ಅಲ್ವಾ? 1970ರ ಸುಮಾರಿಗೆ ಧಾರಣೆ ಬಿದ್ದಾಗ ಗಡಿಯ ಎರಡೂ ಕಡೆಯ ಬೆಳೆಗಾರರಿಗೆ ದಿಕ್ಕು ತೋಚಲಿಲ್ಲ. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ, ಕೇರಳ ಎರಡನ್ನೂ ಸೇರಿಸಿಯೇ ಕಟ್ಟಿದರು. ಗಡಿ ಬಂದದ್ದು 1956ರಲ್ಲಿ, ತೋಟಗಳು ಅದಕ್ಕಿಂತ ಹಳೆಯವು. ವ್ಯಾಪಾರದ ಸಹಕಾರಿಯೂ ಸೇವೆಯ ಸಂಘವೂ ಒಂದೇ ಅಲ್ಲ, ಒಪ್ಪುತ್ತೇನೆ. ಆದರೆ ಒಬ್ಬೊಬ್ಬರೇ ಮಾಡಲಾಗದ್ದನ್ನು ಮಾತ್ರ ಒಟ್ಟಿಗೆ ಮಾಡಿದರು, ತೋಟದ ಕೆಲಸ ಅವರವರಿಗೇ ಬಿಟ್ಟರು. ಅದನ್ನು ನಾವು ನೋಡಿ ಕಲಿಯಬಹುದು.

ಲೆಕ್ಕದ ಹುಡುಗಿ:

ಮಾಷ್ಟ್ರೇ, ತುಂಬ ಚೆನ್ನಾಗಿ ಹೇಳಿದಿರಿ. ನಾನು ಕಾಸರಗೋಡು ಪೇಟೆಯಲ್ಲಿ ಒಬ್ಬರು ಆಡಿಟರ ಹತ್ತಿರ ಕೆಲಸ ಮಾಡುತ್ತೇನೆ. ಊರಿನ ಏಳು ಸಂಘಗಳ ಲೆಕ್ಕ ಸಂಬಳ ಇಲ್ಲದೆ ನೋಡುತ್ತೇನೆ. ಕಪಾಟು ಅಣ್ಣನಿಗೆ ಆದದ್ದು ಆ ಏಳರಲ್ಲಿ ನಾಲ್ಕಕ್ಕೆ ಆಗಿತ್ತು. ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೇರಳದಲ್ಲಿ ಸಂಘಗಳ ನೋಂದಣಿಗೆ ಎರಡು ಕಾಯ್ದೆ ಇವೆ. ದಕ್ಷಿಣದ ಜಿಲ್ಲೆಗಳಿಗೆ 1955ರ ತಿರುವಾಂಕೂರು-ಕೊಚ್ಚಿ ಕಾಯ್ದೆ. ನಾವು ಮದರಾಸು ಪ್ರಾಂತ್ಯದಿಂದ ಬಂದವರು, ನಮಗೆ 1860ರ ಸೊಸೈಟಿ ನೋಂದಣಿ ಕಾಯ್ದೆ. ಏಳು ಜನ ಸೇರಿದರೆ ಸಂಘ ಆಗುತ್ತದೆ, ಅದು ಸುಲಭ. ಮರೆತುಹೋಗುವುದು ಅದರ ನಾಲ್ಕನೇ ಸೆಕ್ಷನ್. ವಾರ್ಷಿಕ ಮಹಾಸಭೆ ಆಗಬೇಕಾದ ದಿನದಿಂದ 14 ದಿನದ ಒಳಗೆ ಆಡಳಿತ ಸಮಿತಿಯವರ ಹೆಸರು, ವಿಳಾಸ, ಉದ್ಯೋಗದ ಪಟ್ಟಿಯನ್ನು ರಿಜಿಸ್ಟ್ರಾರ್‌ಗೆ ಕೊಡಬೇಕು. ಪ್ರತಿ ವರ್ಷ. ಸಮಿತಿ ಬದಲಾಗದಿದ್ದರೂ ಕೊಡಬೇಕು. "ಅವರೇ ಮುಂದುವರಿದರು, ಮತ್ತೆ ಯಾಕೆ ಪಟ್ಟಿ" ಅಂತ ಕೇಳುವವರು ತುಂಬ ಜನ. ಆ ಒಂದು ಹಾಳೆ ಇಲ್ಲದಿದ್ದರೆ ಬ್ಯಾಂಕಿನಲ್ಲಿ ಸಹಿ ಬದಲಾಯಿಸುವುದು ಕಷ್ಟ, ಅನುದಾನ ಕಷ್ಟ.

ನಾವು ಏಳು ಸಂಘದವರು ನೋಂದಣಿ ಮಾಡಿದ ಒಕ್ಕೂಟ ಅಲ್ಲ. ಸುಮ್ನೆ ಒಂದು ಒಪ್ಪಂದ. ಮೇ ಕೊನೆಯ ಪತ್ತನಾಜೆ ಕಳೆದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕಾರ್ಯಕ್ರಮ ಕಮ್ಮಿ. ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಂತೂ ಮಳೆಗೆ ಯಾರಿಗೂ ಹೊರಗೆ ಕೆಲಸ ಇಲ್ಲ. ಆಗ ಎರಡು ಆದಿತ್ಯವಾರ ಎಲ್ಲ ಸಂಘದ ಕೋಶಾಧಿಕಾರಿಗಳು ಒಂದು ಶಾಲೆಯಲ್ಲಿ ಕೂರುತ್ತಾರೆ. ರಸೀದಿ ಪುಸ್ತಕ, ವೋಚರು, ಪಾಸ್‌ಪುಸ್ತಕ, ಸಭಾ ನಿರ್ಣಯದ ಪುಸ್ತಕ, ಎಲ್ಲ ತರಬೇಕು. ಒಂದು ಸಂಘದ ಲೆಕ್ಕವನ್ನು ಇನ್ನೊಂದು ಸಂಘದವರು ನೋಡುತ್ತಾರೆ. ಮೊದಲ ವರ್ಷ ಎಲ್ಲರಿಗೂ ಮುಜುಗರ ಇತ್ತು. ಈಗ ಅದೇ ಇಷ್ಟ. "ನಿಮ್ಮ ಮೈಕಿನವರಿಗೆ ಅಷ್ಟು ಕೊಟ್ಟಿರಾ? ನಮಗೆ ಕಮ್ಮಿ ಮಾಡಿದ್ದಾರಲ್ಲ" ಅಂತ ಮಾತು ಬರುತ್ತದೆ, ಮುಂದಿನ ವರ್ಷ ಏಳೂ ಸಂಘದವರು ಸೇರಿ ಒಂದೇ ದರ ಮಾತಾಡುತ್ತಾರೆ. ಆಟಿ ಮುಗಿಯುವಾಗ ಏಳು ಸಂಘದ ಜಮಾ-ಖರ್ಚು ತಯಾರು. ಆಡಿಟರಿಗೂ ಏಳು ಫೈಲು ಒಟ್ಟಿಗೆ ಸಿಕ್ಕಿದರೆ ಸುಲಭ, ಫೀಸು ಕಮ್ಮಿ ತೆಗೆದುಕೊಳ್ಳುತ್ತಾರೆ.

ಒಂದು ಮಾತು ಖಂಡಿತ ಹೇಳಬೇಕು. ಎಲ್ಲ ಸಂಘಕ್ಕೂ ಎಲ್ಲ ಕಾಗದ ಬೇಡ. ಯಾರೋ ಬಂದು "12ಎಬಿ ಮಾಡಿಸಿ, 80ಜಿ ಮಾಡಿಸಿ" ಅಂತ ಹೆದರಿಸುತ್ತಾರೆ. 12ಎಬಿ ಅಂದರೆ ಸಂಘಕ್ಕೆ, 80ಜಿ ಅಂದರೆ ದಾನಿಗೆ ಆದಾಯ ತೆರಿಗೆ ವಿನಾಯಿತಿ. ವರ್ಷಕ್ಕೆ ಒಂದೂವರೆ ಲಕ್ಷ ವಹಿವಾಟಿನ ಸಂಘ ಅದರ ಹಿಂದೆ ಓಡಬೇಕಾಗಿಲ್ಲ. 80ಜಿ ಇದ್ದರೆ ದಾನಿಗಳ ವಿವರ ಪ್ರತಿ ವರ್ಷ ಮೇ 31ರೊಳಗೆ ಆನ್‌ಲೈನ್ ಸಲ್ಲಿಸಬೇಕು. 2,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ದಾನಿಗೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಗೆ ಹೋದ ದಾನಿಗೆ 80ಜಿಯ ಲಾಭವೇ ಇಲ್ಲ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಸೆಕ್ಷನ್ ನಂಬರುಗಳೂ ಬದಲು. ಇದನ್ನೆಲ್ಲ ಹದಿನಾಲ್ಕು ಕಾರ್ಯದರ್ಶಿಗಳು ಬೇರೆ ಬೇರೆ ಕಲಿಯುವುದು ಯಾಕೆ? ಒಕ್ಕೂಟದಲ್ಲಿ ಇಬ್ಬರು ಕಲಿತು ಎಲ್ಲರಿಗೂ ಹೇಳಲಿ. ದೊಡ್ಡ ಕಂಪನಿಗಳ ಸಿ.ಎಸ್.ಆರ್. (ಸಾಮಾಜಿಕ ಹೊಣೆಗಾರಿಕೆ) ಹಣ ಬೇಕಿದ್ದರೆ 12ಎಬಿ, 80ಜಿ, ಮೂರು ವರ್ಷ ಕೆಲಸ ಮಾಡಿದ ದಾಖಲೆ, ಸಿ.ಎಸ್.ಆರ್.-1 ನೋಂದಣಿ ಎಲ್ಲ ಬೇಕು. ಅಷ್ಟು ಭಾರ ಒಕ್ಕೂಟ ಹೊರಬಹುದು.

ಕಪಾಟು ಅಣ್ಣ, ಮೊದಲು ಆ ಟ್ರಂಕು ತೆರೆಸಿ. ಬಾಕಿ ವರ್ಷಗಳ ಮಹಾಸಭೆಯ ನಿರ್ಣಯ ಇದ್ದರೆ ಅರ್ಧ ಕೆಲಸ ಆದ ಹಾಗೆ.

ಪುಸ್ತಕದ ಕಪಾಟು:

ತಂಗಿ, ನಾಲ್ಕನೇ ಸೆಕ್ಷನ್ ವಿಷಯ ಇಷ್ಟು ಸರಳವಾಗಿ ನನಗೆ ಈವರೆಗೆ ಯಾರೂ ಹೇಳಿರಲಿಲ್ಲ. ತುಂಬ ಉಪಕಾರ. ಆಟಿಯ ಲೆಕ್ಕದ ಯೋಚನೆ ನಮ್ಮ ಸಮಿತಿಯ ಮುಂದೆ ಇಡುತ್ತೇನೆ.

ಎಣ್ಮಕಜೆಯ ಅಮ್ಮ:

ನಾನು ಯಾವ ಸಂಘದ ಪದಾಧಿಕಾರಿಯೂ ಅಲ್ಲ. ನನ್ನ ಮಗನಿಗೆ ಈಗ ಇಪ್ಪತ್ತಾರು ವರ್ಷ. ಅವನನ್ನು ಈಗಲೂ ಎತ್ತಿಕೊಂಡೇ ಸ್ನಾನಕ್ಕೆ ಕರೆದುಕೊಂಡು ಹೋಗಬೇಕು. ನಮ್ಮ ಕಡೆ ಗೇರು ತೋಟಕ್ಕೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಹೊಡೆಯುತ್ತಿದ್ದರು. ಅದು ನಿಂತದ್ದು 2000ದಲ್ಲಿ. ಇನ್ನು ಹೆಚ್ಚು ಹೇಳುವುದಿಲ್ಲ, ಈ ಕಡೆಯವರಿಗೆ ಎಲ್ಲ ಗೊತ್ತು.

2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. 2017ರ ಜನವರಿಯಲ್ಲಿ ಐದು ಲಕ್ಷ ಪರಿಹಾರ ಕೊಡಬೇಕು ಅಂತ ಹೇಳಿತು. ತೀರ್ಪು ಬಂದ ಮೇಲೆ ಹಣ ಮನೆಗೆ ಬರುವುದರ ನಡುವೆ ಎಷ್ಟು ಕಾಗದ ಇರುತ್ತದೆ ಗೊತ್ತಾ? ನಾನು ಓದಿದ್ದು ಕನ್ನಡ ಶಾಲೆಯಲ್ಲಿ, ಏಳನೆಯವರೆಗೆ. ನನಗೆ ಬಂದ ನೋಟೀಸು ಮಲಯಾಳದಲ್ಲಿತ್ತು. ಸರ್ಕಾರಿ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋದರೆ ಅಲ್ಲಿನ ಹುಡುಗಿ ಓದಿ ಹೇಳಿದಳು, ಪುಣ್ಯವಂತೆ. ಆದರೆ ಅವಳಿಗೂ ಸಾಲು ಇತ್ತು, ಹಿಂದೆ ಇಪ್ಪತ್ತು ಜನ ನಿಂತಿದ್ದರು.

ಆಮೇಲೆ ನಮ್ಮ ಹೆತ್ತವರ ಗುಂಪು ಬೇರೆ ಐದಾರು ಗುಂಪುಗಳ ಜೊತೆ ಸೇರಿತು. ಅದರಿಂದ ನಮಗೆ ಆದ ದೊಡ್ಡ ಉಪಕಾರ ಹೇಳುತ್ತೇನೆ. ಎರಡೂ ಭಾಷೆ ಬಲ್ಲ ಒಬ್ಬರು ನಿವೃತ್ತ ಟೀಚರ್ ಪ್ರತಿ ಬುಧವಾರ ಒಂದು ಕಡೆ ಕೂತರು. ನೋಟೀಸು, ಡಾಕ್ಟರ ಚೀಟಿ, ಬ್ಯಾಂಕಿನ ಕಾಗದ, ಏನು ತಂದರೂ ಓದಿ ಹೇಳಿದರು. ಉತ್ತರ ನಾವು ಕನ್ನಡದಲ್ಲಿ ಹೇಳಿದ್ದನ್ನು ಮಲಯಾಳದಲ್ಲಿ ಬರೆದುಕೊಟ್ಟರು. ಅಷ್ಟೇ. ವೇದಿಕೆ ಇಲ್ಲ, ಹಾರ ಇಲ್ಲ. ಆದರೆ ನನ್ನ ಮಟ್ಟಿಗೆ ಒಕ್ಕೂಟ ಅಂದರೆ ಆ ಬುಧವಾರ.

ಇನ್ನೊಂದು ಮಾತು. ದೊಡ್ಡ ಸಭೆಗಳಲ್ಲಿ ನಮ್ಮ ಪರವಾಗಿ ಮಾತಾಡಲು ಒಕ್ಕೂಟದ ಮುಖಂಡರು ಹೋಗುತ್ತಿದ್ದರು. ಚೆನ್ನಾಗಿ ಮಾತಾಡುತ್ತಿದ್ದರು. ಆದರೆ ಒಂದು ಸಲ ಅಧಿಕಾರಿಗಳು "ವಿಶೇಷ ಮಕ್ಕಳ ಬಡ್ಸ್ ಶಾಲೆಗೆ ವ್ಯಾನು ಎಷ್ಟು ಗಂಟೆಗೆ ಬರಬೇಕು" ಅಂತ ಕೇಳಿದಾಗ ಅವರಿಗೆ ಉತ್ತರ ಗೊತ್ತಿರಲಿಲ್ಲ. ಬೆಳಿಗ್ಗೆ ಎದ್ದು ಮಗುವಿಗೆ ಉಣಿಸಿ, ಬಟ್ಟೆ ಹಾಕಿ, ಗುಡ್ಡ ಇಳಿಸಲು ಎಷ್ಟು ಹೊತ್ತು ಬೇಕು ಅಂತ ತಾಯಂದಿರಿಗೆ ಮಾತ್ರ ಗೊತ್ತು. ಆಮೇಲಿಂದ ಇಬ್ಬರು ತಾಯಂದಿರು ಜೊತೆಗೆ ಹೋಗಬೇಕು ಅಂತ ನಾವು ಹಠ ಹಿಡಿದೆವು. ಒಕ್ಕೂಟದವರು ಒಪ್ಪಿದರು. ಮೊದಲ ಸಲ ನನ್ನ ಕಾಲು ನಡುಗಿತ್ತು. ಎರಡನೇ ಸಲ ನಡುಗಲಿಲ್ಲ.

ಚೆಂಡೆ ಮದ್ದಳೆ:

ಅಮ್ಮ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ನಾನು ನೋಡಿದ ಒಕ್ಕೂಟಕ್ಕೂ ನೀವು ಹೇಳಿದ ಒಕ್ಕೂಟಕ್ಕೂ ಹೆಸರು ಮಾತ್ರ ಒಂದೇ. ಇನ್ನು ಸ್ವಲ್ಪ ಯೋಚಿಸಿ ಬರೆಯುತ್ತೇನೆ.

ನಿವೃತ್ತ ಮಾಷ್ಟ್ರು:

ತಾಯಿ ಹೇಳಿದ ಭಾಷೆಯ ವಿಷಯಕ್ಕೆ ಒಂದು ಸೇರಿಸುತ್ತೇನೆ. 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆಯಲ್ಲೇ ಕನ್ನಡ ಮತ್ತು ತಮಿಳು ಭಾಷೆಯ ಅಲ್ಪಸಂಖ್ಯಾತರು ಸರ್ಕಾರದ ಜೊತೆ ತಮ್ಮ ಭಾಷೆಯಲ್ಲಿ ಪತ್ರ ವ್ಯವಹಾರ ಮಾಡಲು ಅವಕಾಶ ಇದೆ. ನಮ್ಮ ಭಾಷೆ, ಲಿಪಿ ಉಳಿಸಿಕೊಳ್ಳುವ ಹಕ್ಕು ಸಂವಿಧಾನದ 29ನೇ ವಿಧಿಯಲ್ಲಿದೆ. ಭಾಷಾ ಅಲ್ಪಸಂಖ್ಯಾತರ ದೂರು ನೋಡಲು 350ಬಿ ವಿಧಿಯಲ್ಲಿ ಒಬ್ಬ ವಿಶೇಷ ಅಧಿಕಾರಿಯೇ ಇದ್ದಾರೆ. ಒಬ್ಬ ತಾಯಿ ಒಂದು ನೋಟೀಸು ಹಿಡಿದುಕೊಂಡು "ಕನ್ನಡದಲ್ಲಿ ಕೊಡಿ" ಅಂತ ಕೇಳುವುದು ಕಷ್ಟ. ಹದಿನಾಲ್ಕು ಸಂಘಗಳು ಒಂದೇ ಕಾಗದಕ್ಕೆ ಸಹಿ ಹಾಕಿ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬಾಳಿದರು. ಅದರಲ್ಲಿ ಎಷ್ಟು ವರ್ಷ ಇಂಥ ಮನವಿ, ಇಂಥ ಹೋರಾಟಗಳಲ್ಲೇ ಕಳೆದರು ಅಂತ ಹಿರಿಯರಿಗೆ ನೆನಪಿರಬಹುದು. ಅವರ ಕಾಲದಲ್ಲಿ ಒಬ್ಬ ದೊಡ್ಡ ಕವಿಯ ಹೆಸರು ಸಾಕಾಗುತ್ತಿತ್ತು. ಈಗ ನಾವೆಲ್ಲ ಸೇರಿಯೇ ಕೇಳಬೇಕು.

ಅದರ ಜೊತೆಗೇ ಬುಧವಾರದ ಟೀಚರೂ ಬೇಕು. ಹಕ್ಕು ಸಿಗುವವರೆಗೆ ನೋಟೀಸು ಕಾಯುವುದಿಲ್ಲ.

ಅಬುಧಾಬಿಯಿಂದ:

ಎಲ್ಲರಿಗೂ ನಮಸ್ಕಾರ. ನಾನು ಬಾಯಾರು ಕಡೆಯವನು, ಹನ್ನೆರಡು ವರ್ಷದಿಂದ ಇಲ್ಲಿದ್ದೇನೆ. ನಾವು ಊರಿನ ಎಂಟು ಜನ ಸೇರಿ ವಾಚನಾಲಯಕ್ಕೆ ಕಂಪ್ಯೂಟರ್ ಕೊಡುವ ಅಂತ ಇದ್ದೇವೆ. ಆದರೆ ಪರದೇಶದ ಹಣಕ್ಕೆ ಎಫ್.ಸಿ.ಆರ್.ಎ. (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಬೇಕು, ಇಲ್ಲದಿದ್ದರೆ ಸಂಘಕ್ಕೇ ತೊಂದರೆ ಅಂತ ಒಬ್ಬರು ಹೆದರಿಸಿದರು. ಹಾಗಾಗಿ ಹಣ ಇಲ್ಲೇ ಕೂತಿದೆ. ಯಾರಿಗಾದರೂ ಗೊತ್ತಾ?

ಲೆಕ್ಕದ ಹುಡುಗಿ:

ಅಣ್ಣ, ನಿಮ್ಮೆಲ್ಲರದ್ದೂ ಭಾರತದ ಪಾಸ್‌ಪೋರ್ಟ್ ತಾನೇ? ಹಾಗಾದರೆ ಹೆದರಿಕೆ ಬೇಡ. ಭಾರತದ ಪ್ರಜೆ ಹೊರದೇಶದಲ್ಲಿ ದುಡಿದು, ತನ್ನ ಸ್ವಂತ ಉಳಿತಾಯದಿಂದ, ಬ್ಯಾಂಕಿನ ಮೂಲಕ ಕಳಿಸಿದ ಹಣ ಎಫ್.ಸಿ.ಆರ್.ಎ. ಲೆಕ್ಕದಲ್ಲಿ ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ತೆಗೆದುಕೊಂಡವರು ಕೊಟ್ಟರೆ ಆಗುತ್ತದೆ, ಅವರು ಭಾರತ ಮೂಲದವರಾದರೂ. ಹಾಗಾಗಿ ಎಂಟು ಜನರೂ ಬೇರೆ ಬೇರೆಯಾಗಿ ನಿಮ್ಮ ನಿಮ್ಮ ಖಾತೆಯಿಂದ ಕಳಿಸಿ. ಪಾಸ್‌ಪೋರ್ಟಿನ ಪ್ರತಿ ಮತ್ತು ಒಂದು ಸಣ್ಣ ಪತ್ರ ಜೊತೆಗೆ ಕೊಡಿ. ಸಂಘದವರು ಅದನ್ನು ರಸೀದಿಯ ಜೊತೆ ಇಟ್ಟುಕೊಳ್ಳಲಿ. ಅಲ್ಲಿನ ಯಾವುದಾದರೂ ಕಂಪನಿಯ ಹಣ, ಅಥವಾ ಅಲ್ಲಿ ಎಲ್ಲರಿಂದ ಒಟ್ಟು ಮಾಡಿದ ಹಣ ಬೆರೆಸಬೇಡಿ.

ನೋಡಿ, ಈ ಒಂದು ಮಾತು ಗೊತ್ತಿಲ್ಲದೆ ಎಷ್ಟು ಊರಿನ ಕಂಪ್ಯೂಟರು ಬರದೆ ಉಳಿದಿರಬಹುದು! ಒಕ್ಕೂಟದವರು ಕನ್ನಡದಲ್ಲಿ ಒಂದು ಪುಟ ಬರೆದು ಎಲ್ಲ ಸಂಘಕ್ಕೂ ಕೊಟ್ಟರೆ ಸಾಕು.

ಅಬುಧಾಬಿಯಿಂದ:

ತುಂಬ ಥ್ಯಾಂಕ್ಸ್ ತಂಗಿ. ಎಲ್ಲರದ್ದೂ ಭಾರತದ ಪಾಸ್‌ಪೋರ್ಟೇ. ನಾಳೆಯೇ ಮಾತಾಡುತ್ತೇನೆ.

ಅಕ್ಕಲಕೋಟೆಯವ:

ನಾನು ಸೊಲ್ಲಾಪುರ ಜಿಲ್ಲೆಯವ. ಕಾಸರಗೋಡಿನವರ ಮಾತು ಓದಿ ನಮ್ಮ ಊರಿನ ಮಾತೇ ಓದಿದ ಹಾಗಾಯಿತು. ಮಲಯಾಳದ ಜಾಗದಲ್ಲಿ ನಮಗೆ ಮರಾಠಿ.

ನಮ್ಮಲ್ಲಿ ಸಂಘಗಳು 1950ರ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯ್ದೆಯ ಕೆಳಗೆ ಚಾರಿಟಿ ಕಮಿಷನರ್ ಕಚೇರಿಗೆ ಲೆಕ್ಕ ಕೊಡಬೇಕು. ಸಮಿತಿ ಬದಲಾದರೆ 90 ದಿನದ ಒಳಗೆ ಚೇಂಜ್ ರಿಪೋರ್ಟ್ ಹಾಕಬೇಕು. ಅದನ್ನು ಹಾಕದೆ ಬಿಟ್ಟು ಹಳೆಯ ಸಮಿತಿ, ಹೊಸ ಸಮಿತಿ ಅಂತ ಜಗಳ ಬಿದ್ದು ಮುಚ್ಚಿದ ಒಂದು ಕನ್ನಡ ಸಂಘ ನನ್ನ ಕಣ್ಣ ಮುಂದೆಯೇ ಇದೆ. ಕಟ್ಟಡ ಇದೆ, ಬಾಗಿಲು ತೆರೆಯುವವರಿಲ್ಲ.

ನಾವು ಕೆಲವು ಸಂಘದವರು ಈಗ ಒಂದು ಕೆಲಸ ಜೊತೆಯಾಗಿ ಮಾಡುತ್ತೇವೆ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಂಥ ಕಡೆಯಿಂದ ಹೊರನಾಡಿನ ಸಂಘಗಳಿಗೂ ನೆರವು ಇರುತ್ತದೆ. ಆದರೆ ನಮ್ಮ ದಾಖಲೆಗಳು ಮರಾಠಿಯಲ್ಲಿ, ಅರ್ಜಿ ಕನ್ನಡದಲ್ಲಿ. ಪ್ರಕಟಣೆ ಬಂದದ್ದು ನಮಗೆ ಗೊತ್ತಾಗುವಾಗ ಕೊನೆಯ ದಿನ ಕಳೆದಿರುತ್ತದೆ. ಈಗ ಒಬ್ಬ ಹುಡುಗ ವಾರಕ್ಕೊಮ್ಮೆ ನೋಡಿ ಎಲ್ಲರಿಗೂ ಮೆಸೇಜು ಹಾಕುತ್ತಾನೆ. ಬೈಲಾ, ನೋಂದಣಿ ಪತ್ರದ ಕನ್ನಡ ಅನುವಾದ ಒಂದು ಸಲ ಮಾಡಿ ಇಟ್ಟಿದ್ದೇವೆ. ಬಂದ ಹಣಕ್ಕೆ ಬಳಕೆ ಪ್ರಮಾಣಪತ್ರ ಕೊಡದಿದ್ದರೆ ಮುಂದಿನ ಸಲ ಕೇಳುವ ಮುಖ ಇರುವುದಿಲ್ಲ, ಅದನ್ನೂ ಅವನೇ ನೆನಪಿಸುತ್ತಾನೆ. ಒಬ್ಬ ಹುಡುಗನ ಎರಡು ಗಂಟೆ ಕೆಲಸ. ಅವನಿಗೆ ಎಲ್ಲ ಸಂಘ ಸೇರಿ ತಿಂಗಳಿಗೆ ಸ್ವಲ್ಪ ಹಣ ಕೊಡುತ್ತೇವೆ. ಪುಕ್ಕಟೆ ಮಾಡಿಸಿದರೆ ಆರು ತಿಂಗಳಲ್ಲಿ ಬಿಟ್ಟುಬಿಡುತ್ತಾನೆ, ಅದು ಅವನ ತಪ್ಪಲ್ಲ.

ಲೆಕ್ಕದ ಹುಡುಗಿ:

ಹಣ ಕೊಡುವ ಮಾತು ಹೇಳಿದ್ದಕ್ಕೆ ನಿಮಗೆ ದೊಡ್ಡ ನಮಸ್ಕಾರ ಅಣ್ಣ. ಏಳು ಸಂಘದ ಲೆಕ್ಕ ನಾನು ಪ್ರೀತಿಯಿಂದ ಮಾಡುತ್ತೇನೆ. ಆದರೆ ನಾಳೆ ನನಗೆ ಮದುವೆಯಾಗಿ ಬೇರೆ ಊರಿಗೆ ಹೋದರೆ ಆ ಫೈಲುಗಳ ಗತಿ ಏನು ಅಂತ ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ಚೆಂಡೆ ಮದ್ದಳೆ:

ಎರಡು ದಿನ ಯೋಚಿಸಿದೆ. ನಮ್ಮ ಸಂಘದ ಹಿರಿಯರ ಹತ್ತಿರವೂ ಮಾತಾಡಿದೆ. ಕಪಾಟು ಅಣ್ಣ, ನಿಮ್ಮ ಒಕ್ಕೂಟಕ್ಕೆ ನಮ್ಮ ಸಂಘವೂ ಬರಬಹುದು. ಆದರೆ ಬೈಲಾದಲ್ಲಿ ಕೆಲವು ಮಾತು ಬರಹದಲ್ಲಿ ಇರಬೇಕು.

ಒಕ್ಕೂಟ ಊರಿನಲ್ಲಿ ದೇಣಿಗೆ ಎತ್ತಬಾರದು. ಸದಸ್ಯತ್ವದ ಹಣದಲ್ಲೇ ನಡೆಯಬೇಕು, ಅಥವಾ ಊರಿನ ಸಂಘಕ್ಕೆ ಎಂದೂ ಸಿಗದ ಕಡೆಯಿಂದ ತರಬೇಕು. ಒಕ್ಕೂಟದ್ದೇ ಅಂತ ಉತ್ಸವ ಇರಬಾರದು. ಮಾಡಲೇಬೇಕಿದ್ದರೆ ಯಾವುದಾದರೂ ಒಂದು ಸಂಘದ ವಾರ್ಷಿಕ ಕಾರ್ಯಕ್ರಮಕ್ಕೆ ಎಲ್ಲರೂ ಹೋಗಿ ಕೈಜೋಡಿಸಲಿ, ಬ್ಯಾನರು ಆ ಸಂಘದ್ದೇ. ದೊಡ್ಡ ಸಂಘ, ಸಣ್ಣ ಸಂಘ ಅಂತ ಇಲ್ಲದೆ ಒಂದಕ್ಕೆ ಒಂದೇ ಮತ. ಅಧ್ಯಕ್ಷ ಎರಡು ವರ್ಷಕ್ಕಿಂತ ಜಾಸ್ತಿ ಇರಬಾರದು. ಪ್ರತಿ ಸಲ ಬೇರೆ ಪಂಚಾಯತ್‌ನಿಂದ ಬರಲಿ.

ಇನ್ನೊಂದು ಸಣ್ಣದು, ನನಗೆ ತುಂಬ ಮುಖ್ಯ. ಕಾರ್ಯಕ್ರಮದ ದಿನಗಳನ್ನು ಮೊದಲೇ ಹೇಳಿಕೊಳ್ಳುವ ಒಂದು ಕ್ಯಾಲೆಂಡರ್ ಬೇಕು. ಕಳೆದ ಡಿಸೆಂಬರಿನಲ್ಲಿ ಒಂದೇ ಶನಿವಾರ ಮೂರು ಊರಿನಲ್ಲಿ ಆಟ ಇತ್ತು. ಭಾಗವತರು ಸಿಗಲಿಲ್ಲ, ಜನರೂ ಹಂಚಿಹೋದರು. ಯಕ್ಷಗಾನಕ್ಕೆ ಪಾರ್ತಿಸುಬ್ಬನನ್ನು ಕೊಟ್ಟ ಕುಂಬಳೆ ಸೀಮೆ ನಮ್ಮದು. ಇಲ್ಲಿ ಖಾಲಿ ಕುರ್ಚಿಯ ಮುಂದೆ ಮಕ್ಕಳು ಕುಣಿದದ್ದು ನೋಡಿ ಹೊಟ್ಟೆ ಉರಿಯಿತು.

ನಿವೃತ್ತ ಮಾಷ್ಟ್ರು:

ಎಲ್ಲ ಒಪ್ಪಿಗೆ, ಒಂದು ಬಿಟ್ಟು. ಅಧ್ಯಕ್ಷ ಎರಡು ವರ್ಷಕ್ಕೆ ಬದಲಾಗಲಿ. ಆದರೆ ಕಾರ್ಯದರ್ಶಿ ಮತ್ತು ಲೆಕ್ಕದವರು ಬದಲಾಗುವ ಮೊದಲು ಹೊಸಬರು ಒಂದು ವರ್ಷ ಅವರ ಜೊತೆ ಕೂತು ಕಲಿಯಬೇಕು. ಎಲ್ಲರನ್ನೂ ಒಟ್ಟಿಗೆ ಬದಲಾಯಿಸಿದರೆ ಮತ್ತೆ ಟ್ರಂಕಿನ ಕತೆಯೇ ಆಗುತ್ತದೆ.

ಕಡತದ ಪ್ರತಿಗಳನ್ನು ಎರಡು ಕಡೆ ಇಡಿ. ಒಂದು ಸಂಘದಲ್ಲಿ, ಒಂದು ಒಕ್ಕೂಟದಲ್ಲಿ. ಫೋನಿನಲ್ಲಿ ಫೋಟೋ ತೆಗೆದರೂ ಆಯಿತು. ಬಾಯಿಮಾತಿನ ಮೇಲೆ ನಡೆದ ಎಷ್ಟೋ ಒಳ್ಳೆಯ ಸಂಘಗಳು ಒಬ್ಬ ಹಿರಿಯರ ಜೊತೆಗೇ ಮುಗಿದುಹೋದದ್ದನ್ನು ನೋಡಿದ್ದೇನೆ.

ಚೆಂಡೆ ಮದ್ದಳೆ:

ಸರಿ ಮಾಷ್ಟ್ರೇ, ಒಪ್ಪಿದೆ.

ಎಣ್ಮಕಜೆಯ ಅಮ್ಮ:

ಸಾವಿರ ರೂಪಾಯಿ ನಮ್ಮ ಗುಂಪಿಗೆ ಕಷ್ಟ. ನಮ್ಮಲ್ಲಿ ಹೆಚ್ಚಿನವರು ಬೀಡಿ ಕಟ್ಟುವವರು, ಕೂಲಿ ಮಾಡುವವರು. ನೂರು ರೂಪಾಯಿ ಕೊಡಬಹುದು. ಬದಲಿಗೆ ಸಭೆಯ ದಿನ ಚಹಾ, ಅವಲಕ್ಕಿ ನಾವು ಮಾಡುತ್ತೇವೆ. ಮತ ಮಾತ್ರ ಎಲ್ಲರಷ್ಟೇ ಇರಬೇಕು.

ಪುಸ್ತಕದ ಕಪಾಟು:

ಅಮ್ಮ, ನಿಮ್ಮ ಮಾತನ್ನು ಹಾಗೆಯೇ ಕರಡಿನಲ್ಲಿ ಬರೆದಿದ್ದೇನೆ. ಆದಾಯ ನೋಡಿ ಸದಸ್ಯತ್ವ, ನೂರರಿಂದ ಸಾವಿರದವರೆಗೆ. ಮತ ಸಮ.

ನಿನ್ನೆ ನಮ್ಮ ಸಮಿತಿ ಸಭೆ ಆಯಿತು. ಈ ಚರ್ಚೆ ಪೂರ್ತಿ ಜೋರಾಗಿ ಓದಿದೆ. ಮೊದಲಿನಿಂದ ಬೇಡ ಅನ್ನುತ್ತಿದ್ದ ನಮ್ಮ ಉಪಾಧ್ಯಕ್ಷರು ಚೆಂಡೆ ಮದ್ದಳೆಯವರ ಷರತ್ತು ಕೇಳಿ "ಹೀಗಾದರೆ ಆಗಬಹುದು" ಅಂದರು. ಒಬ್ಬರು ಇನ್ನೂ ಒಪ್ಪಿಲ್ಲ. ಅವರು ಒಂದು ವರ್ಷ ನೋಡಿ ಹೇಳುತ್ತಾರಂತೆ. ಅದೂ ಸರಿಯೇ. ಮೊದಲ ವರ್ಷ ನೋಂದಣಿ ಬೇಡ, ಲೆಕ್ಕದ ತಂಗಿಯ ಊರಿನ ಹಾಗೆ ಆಟಿಯ ಎರಡು ಆದಿತ್ಯವಾರ, ಬುಧವಾರದ ಓದಿ ಹೇಳುವ ಮೇಜು, ಮತ್ತು ಕ್ಯಾಲೆಂಡರ್, ಈ ಮೂರರಿಂದ ಶುರು ಮಾಡುವ ಅಂತ ತೀರ್ಮಾನ.

ಟ್ರಂಕಿನ ಬೀಗದ ಕೈ ಸಿಕ್ಕಿತು. ಹಿಂದಿನ ಕಾರ್ಯದರ್ಶಿಯ ತಾಯಿ ಅಕ್ಕಿ ಡಬ್ಬದಲ್ಲಿ ಜೋಪಾನವಾಗಿ ಇಟ್ಟಿದ್ದರು. ಒಳಗೆ 2021ರವರೆಗಿನ ಮಹಾಸಭೆಯ ನಿರ್ಣಯ ಎಲ್ಲ ಇದೆ. ಮೂಲೆಗೆ ಗೆದ್ದಲು ಹಿಡಿದಿದೆ, ಆದರೆ ಸಹಿಗಳು ಓದಲು ಬರುತ್ತವೆ. ಆ ನಂತರದ ವರ್ಷಗಳ ಲೆಕ್ಕ ಕೂಡಿಸಬೇಕು.

ಲೆಕ್ಕದ ತಂಗಿ ಮುಂದಿನ ಆದಿತ್ಯವಾರ ಬರುತ್ತೇನೆ ಅಂದಿದ್ದಾರೆ. ಬೇರೆ ಸಂಘದವರೂ ನಿಮ್ಮ ಕಡತ ಹಿಡಿದುಕೊಂಡು ಎರಡು ಗಂಟೆಗೆ ಬನ್ನಿ. ಮಕ್ಕಳ ತರಗತಿ ಆ ದಿನ ಬೆಳಿಗ್ಗೆಗೆ ಹಾಕಿದ್ದೇವೆ. ಮಳೆ ಇದ್ದರೆ ಜಗಲಿ ಒದ್ದೆಯಾಗುತ್ತದೆ, ಒಳಗೆ ಪುಸ್ತಕದ ಕೋಣೆಯಲ್ಲೇ ಕೂರುವ.